ತಾಲ್ಲೂಕು ಬೋರ್ಡ್‌ನಿಂದ ವಿಧಾನಸೌಧಕ್ಕೆ: ಸಿದ್ದರಾಮಯ್ಯನವರ ಮೊದಲ ಏಳು ವರ್ಷ

1978ರಲ್ಲಿ ಮೈಸೂರು ತಾಲ್ಲೂಕು ಅಭಿವೃದ್ಧಿ ಮಂಡಳಿಗೆ ಆರಿಸಿ ಬಂದವರಲ್ಲಿ ಒಬ್ಬ ವಕೀಲರಿದ್ದರು. ವಯಸ್ಸು ಮೂವತ್ತರ ಆಸುಪಾಸು. ಮನೆಯಲ್ಲಿ ಯಾರೂ ರಾಜಕೀಯದವರಲ್ಲ. ಕೈಯಲ್ಲಿ ದುಡ್ಡಿಲ್ಲ, ಬೆನ್ನಿಗೆ ಆಳುವ ಪಕ್ಷವಿಲ್ಲ. 1983ರ ಜನವರಿಯಲ್ಲಿ ಅವರು ಶಾಸಕರಾದರು. 1985ರಲ್ಲಿ ಮಂತ್ರಿಯಾದರು. ಹೆಸರು ಸಿದ್ದರಾಮಯ್ಯ.

ಅಹಿಂದ (ಅಲ್ಪಸಂಖ್ಯಾತ, ಹಿಂದುಳಿದ, ದಲಿತರ ಒಕ್ಕೂಟ), ಬಜೆಟ್ ದಾಖಲೆ, ಎರಡು ಸಲದ ಮುಖ್ಯಮಂತ್ರಿ ಕುರ್ಚಿ, ಇವೆಲ್ಲ ಆಮೇಲಿನ ಮಾತು. ಅದರ ಬಗ್ಗೆ ಬರಹಗಳೂ ಜಾಸ್ತಿ, ಜಗಳವೂ ಜಾಸ್ತಿ. ನಾನಿಲ್ಲಿ ನೋಡಲು ಹೊರಟಿರುವುದು 1978ರಿಂದ 1985ರವರೆಗಿನ ಏಳು ವರ್ಷ ಮಾತ್ರ. ಒಬ್ಬ ಯುವಕ ಸ್ಥಳೀಯ ಸಂಸ್ಥೆಯಿಂದ ವಿಧಾನಸಭೆಗೆ ಹೇಗೆ ಹೋಗುತ್ತಾನೆ ಅನ್ನುವುದಕ್ಕೆ ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅವರ ರಾಜಕೀಯ ನಿಮಗೆ ಇಷ್ಟವೋ ಇಲ್ಲವೋ, ಅದು ಬೇರೆ.

ಸಾಮಾನ್ಯವಾಗಿ ಈ ಏರಿಕೆಗೆ ಎರಡು ಕಾರಣ ಹೇಳುತ್ತಾರೆ. ಒಂದು, ಜಾತಿ ಲೆಕ್ಕ. ಇನ್ನೊಂದು, 1983ರ ಗಾಳಿ. ಎರಡೂ ಸುಳ್ಳಲ್ಲ. ಆದರೆ ಅದೇ ಜಾತಿಯವರು, ಅದೇ ಗಾಳಿಯಲ್ಲಿ ನಿಂತವರು ಎಷ್ಟೋ ಜನ ಇದ್ದರು, ಎಲ್ಲರೂ ಗೆಲ್ಲಲಿಲ್ಲ. ನನ್ನ ಲೆಕ್ಕದಲ್ಲಿ ಇಲ್ಲಿ ಕೆಲಸ ಮಾಡಿದ್ದು ನೆಲ. ಅವರು ಮೊದಲು ಕಾಲಿಟ್ಟ ಸಂಸ್ಥೆ, ಆಮೇಲೆ ಗೆದ್ದ ಕ್ಷೇತ್ರ, ಎರಡೂ ಹೆಚ್ಚುಕಡಿಮೆ ಒಂದೇ ನೆಲದ ಮೇಲಿದ್ದವು. ಮಧ್ಯದಲ್ಲೊಮ್ಮೆ ಆ ನೆಲ ದಾಟಿ ಹೋದಾಗ ಸೋತರು.

ಊರು, ಓದು

ಸಿದ್ದರಾಮನಹುಂಡಿ ಇರುವುದು ಮೈಸೂರು ತಾಲ್ಲೂಕಿನ ವರುಣ ಹೋಬಳಿಯಲ್ಲಿ, ಟಿ. ನರಸೀಪುರದ ಕಡೆ. ಅಪ್ಪ ಸಿದ್ದರಾಮೇಗೌಡ, ಅಮ್ಮ ಬೋರಮ್ಮ. ಕುರುಬರ ಮನೆ, ಬೇಸಾಯದ ಬದುಕು. ದಾಖಲೆಯಲ್ಲಿ ಹುಟ್ಟಿದ ದಿನ 1947ರ ಆಗಸ್ಟ್ 3 ಎಂದಿದೆ. ಅದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ದಿನ ಅಂತ ಅವರೇ ಹೇಳುತ್ತಾರೆ. ಆ ಕಾಲದ ಹಳ್ಳಿಯವರಲ್ಲಿ ಅರ್ಧ ಜನರ ಹುಟ್ಟಿದ ದಿನ ಹಾಗೇ ಅಲ್ವಾ?

ಚಿಕ್ಕಂದಿನಲ್ಲಿ ಅವರು ಸೇರಿದ್ದು ಶಾಲೆಗಲ್ಲ, ವೀರಮಕ್ಕಳ ಕುಣಿತಕ್ಕೆ. ಕುಣಿತ ಕಲಿಸುತ್ತಿದ್ದ ನಂಜೇಗೌಡರು ಮರಳಿನ ಮೇಲೆ ಅಕ್ಷರ ಬರೆಸಿದರು. ದನ ಮೇಯಿಸುವುದೂ ನಡೆದಿತ್ತು. ಆಮೇಲೆ ರಾಜಪ್ಪ ಮೇಷ್ಟ್ರು ಹುಡುಗನ ಚುರುಕು ನೋಡಿ, ಕೆಳಗಿನ ತರಗತಿಗಳನ್ನು ಬಿಡಿಸಿ ನೇರವಾಗಿ ಮೇಲಿನ ತರಗತಿಗೆ ಸೇರಿಸಿಕೊಂಡರು. ಅಲ್ಲಿಂದ ಮೈಸೂರಿನ ಯುವರಾಜ ಕಾಲೇಜಿನಲ್ಲಿ ಬಿ.ಎಸ್ಸಿ., ಆಮೇಲೆ ಶಾರದಾ ವಿಲಾಸದಲ್ಲಿ ಕಾನೂನು.

ಕಾನೂನು ಓದಿದ್ದರ ಹಿಂದೆ ಒಂದು ಕಥೆ ಇದೆ. ಅವರು ಅನೇಕ ಸಭೆಗಳಲ್ಲಿ ಹೇಳಿದ್ದಾರೆ. ಅಪ್ಪನಿಗೆ ಮಗ ಲಾಯರ್ ಆಗುವುದು ಬೇಡವಾಗಿತ್ತು. ಊರಿನ ಶಾನುಭೋಗರೂ ಬೇಡ ಅಂದಿದ್ದರು, ಅದು ನಿಮ್ಮಂಥವರಿಗಲ್ಲ ಅನ್ನುವ ಧಾಟಿಯಲ್ಲಿ. ಮಗ ಬಿಡಲಿಲ್ಲ. ಊರಿನವರನ್ನು ಸೇರಿಸಿ ಪಂಚಾಯಿತಿ ಮಾಡಿಸಿ, ಓದಿಸುವುದಿಲ್ಲ ಅಂದರೆ ನನ್ನ ಪಾಲು ಕೊಡಿ ಅಂತ ಕೇಳಿದರು. ಅಪ್ಪ ಒಪ್ಪಿಕೊಂಡರು. ಸಭೆಯಲ್ಲಿ ಇದನ್ನು ಅವರು ನಗಿಸುವುದಕ್ಕೆ ಹೇಳುತ್ತಾರೆ, ಜನ ನಗುತ್ತಾರೆ. ಆದರೆ ಇದರಲ್ಲಿ ಎರಡು ವಿಷಯ ಇದೆ. ಊರಿನಲ್ಲಿ ಯಾರು ಓದಬೇಕು, ಎಷ್ಟು ಓದಬೇಕು ಅನ್ನುವುದನ್ನು ಶಾನುಭೋಗರು ಹೇಳುತ್ತಿದ್ದ ಕಾಲ ಅದು. ಮನೆಯ ಜಗಳವನ್ನು ಊರ ಮುಂದಿಟ್ಟು ಗೆಲ್ಲಬಹುದು ಅಂತ ಆ ಹುಡುಗನಿಗೆ ಆಗಲೇ ಗೊತ್ತಿತ್ತು.

ಓದು ಮುಗಿದ ಮೇಲೆ ಮೈಸೂರಿನಲ್ಲಿ ಚಿಕ್ಕಬೋರಯ್ಯ ಎಂಬ ವಕೀಲರ ಕೆಳಗೆ ಜೂನಿಯರ್ ಆಗಿ ಸೇರಿದರು. ಕೆಲವು ಕಾಲ ಕಾನೂನು ಕಾಲೇಜಿನಲ್ಲಿ ಪಾಠವನ್ನೂ ಮಾಡಿದರು.

ಆ ಹೊತ್ತಿನ ಮೈಸೂರು

ಎಪ್ಪತ್ತರ ದಶಕದ ಮೈಸೂರಿನಲ್ಲಿ ಕಾಲೇಜು ಹುಡುಗರಾಗಿದ್ದವರಿಗೆ ರಾಜಕೀಯ ತಪ್ಪಿಸಿಕೊಳ್ಳುವುದು ಸಾಧ್ಯವೇ ಇರಲಿಲ್ಲ. ಲೋಹಿಯಾ ಹೆಸರು ಹೇಳುವ ಸಮಾಜವಾದಿ ಯುವಜನ ಸಭಾ ಇತ್ತು. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ ಆಡಿದ 'ಬೂಸಾ' ಮಾತಿನಿಂದ ಎದ್ದ ಗಲಾಟೆ ಇತ್ತು. ಅದರ ಬೆನ್ನಿಗೇ ದಲಿತ ಚಳವಳಿ ಬಂತು. ಮುಂದೆ ರೈತ ನಾಯಕರಾದ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಈ ಬಳಗದ ಮಧ್ಯೆ ಇದ್ದರು. ರಾಜ್ಯ ರೈತ ಸಂಘ ಹುಟ್ಟಿದ್ದು 1980ರಲ್ಲಿ, ಅದಕ್ಕಿಂತ ಮೊದಲಿನ ಮಾತಿದು. ತಮ್ಮನ್ನು ರಾಜಕೀಯಕ್ಕೆ ಎಳೆದವರು ಅವರೇ ಅಂತ ಸಿದ್ದರಾಮಯ್ಯ ಹೇಳುತ್ತಲೇ ಬಂದಿದ್ದಾರೆ.

ಸರ್ಕಾರದ ಮಟ್ಟದಲ್ಲಿ ಇದು ದೇವರಾಜ ಅರಸರ ಕಾಲ. 1974ರ ಭೂಸುಧಾರಣೆ ತಿದ್ದುಪಡಿ, ಹಿಂದುಳಿದ ವರ್ಗಗಳ ಬಗೆಗಿನ 1975ರ ಹಾವನೂರು ವರದಿ. ಭೂಸುಧಾರಣೆಯ ಒಂದು ಅಂಶ ಈ ಪ್ರಕರಣಕ್ಕೆ ಮುಖ್ಯ. ಗೇಣಿದಾರರು ಜಮೀನು ತಮ್ಮದಾಗಬೇಕಾದರೆ 7ನೇ ನಂಬರ್ ಫಾರಂ ತುಂಬಿ ತಾಲ್ಲೂಕಿನ ಭೂ ನ್ಯಾಯಮಂಡಳಿಗೆ ಕೊಡಬೇಕಿತ್ತು. ಅರ್ಜಿ ಹಾಕಲು 1979ರ ಜೂನ್ ಕೊನೆಯವರೆಗೂ ಗಡುವು ಮುಂದೆ ಹೋಯಿತು. ನ್ಯಾಯಮಂಡಳಿಯ ಮುಂದೆ ವಕೀಲರು ವಾದ ಮಾಡುವಂತಿರಲಿಲ್ಲ, ಕಾನೂನೇ ಬೇಡ ಅಂದಿತ್ತು. ಆದರೂ ಫಾರಂ ತುಂಬಲು, ಪಹಣಿ ಓದಲು, ನೋಟಿಸ್ ಬಂದರೆ ಏನು ಅಂತ ಹೇಳಲು ಯಾರಾದರೂ ಬೇಕಲ್ಲ? ಹಳ್ಳಿಯಿಂದ ಬಂದು ಕಾನೂನು ಓದಿದ ಒಬ್ಬ ಯುವಕ, ಕೋರ್ಟಿನ ಹತ್ತಿರ ಸಿಗುವವನು, ನಮ್ಮ ಭಾಷೆಯಲ್ಲೇ ಮಾತಾಡುವವನು, ಅಂಥವನಿಗೆ ಆ ಐದಾರು ವರ್ಷ ಬೆಲೆ ಎಷ್ಟಿರಬೇಕು ಅಂತ ಯೋಚಿಸಿ. ಹಿಂದುಳಿದ ಜಾತಿಗಳಿಂದ ಮೊದಲ ತಲೆಮಾರಿನ ವಕೀಲರು ರಾಜಕೀಯಕ್ಕೆ ಬಂದದ್ದು ಇದೇ ಹೊತ್ತಿನಲ್ಲಿ. ಇದು ಬರೀ ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ.

ತಾಲ್ಲೂಕು ಬೋರ್ಡ್ ಅಂದರೆ ಏನಿತ್ತು

ಈಗಿನ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1959ರ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆಯಲ್ಲಿ ಮೂರು ಹಂತ ಇದ್ದವು. ಕೆಳಗೆ ಗ್ರಾಮ ಪಂಚಾಯಿತಿ. ನಡುವೆ ತಾಲ್ಲೂಕು ಅಭಿವೃದ್ಧಿ ಮಂಡಳಿ, ಜನರ ಬಾಯಲ್ಲಿ ತಾಲ್ಲೂಕು ಬೋರ್ಡ್. ಮೇಲೆ ಜಿಲ್ಲಾ ಅಭಿವೃದ್ಧಿ ಪರಿಷತ್ತು. ಜಿಲ್ಲಾ ಪರಿಷತ್ತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷ, ಶಾಸಕರು ಸಂಸದರು ಸದಸ್ಯರು, ಜನ ನೇರವಾಗಿ ಆರಿಸಿದವರು ಅಲ್ಲಿಲ್ಲ. ಸಲಹೆ ಕೊಡುವುದು ಬಿಟ್ಟರೆ ಅದಕ್ಕೆ ಕೆಲಸವೂ ಇರಲಿಲ್ಲ. ಹಾಗಾಗಿ ಗ್ರಾಮ ಪಂಚಾಯಿತಿಗಿಂತ ಮೇಲೆ, ವಿಧಾನಸಭೆಗಿಂತ ಕೆಳಗೆ ಜನ ನೇರವಾಗಿ ಮತ ಹಾಕಿ ಕಳಿಸುತ್ತಿದ್ದ ಹಳ್ಳಿಗಾಡಿನ ಜಾಗ ಒಂದೇ, ಅದು ತಾಲ್ಲೂಕು ಬೋರ್ಡ್.

ಅಧಿಕಾರ ದೊಡ್ಡದೇನಲ್ಲ. ತಾಲ್ಲೂಕಿನೊಳಗಿನ ರಸ್ತೆ, ಕುಡಿಯುವ ನೀರಿನ ಬಾವಿ, ಶಾಲೆ ಕಟ್ಟಡ, ಇಂಥವು. ಕೆಲಸ ಮಾಡಿಸುವವರು ಬಿಡಿಒ, ಅಂದರೆ ಬ್ಲಾಕ್ ಅಭಿವೃದ್ಧಿ ಅಧಿಕಾರಿ. ದುಡ್ಡು ಬರುತ್ತಿದ್ದದ್ದು ಬಹುಪಾಲು ಸರ್ಕಾರದಿಂದ, ಅದೂ ಸಾಕಾಗುವಷ್ಟಲ್ಲ. ಚುನಾವಣೆಯಂತೂ ನೆಟ್ಟಗೆ ಐದು ವರ್ಷಕ್ಕೊಮ್ಮೆ ನಡೆದದ್ದೇ ಇಲ್ಲ. 1968ರಲ್ಲಿ ಆದದ್ದು ಮತ್ತೆ ಆದದ್ದು 1978ರಲ್ಲಿ. ಹತ್ತು ವರ್ಷ! ಅಂದರೆ 1978ರ ಬಾಗಿಲು ತಪ್ಪಿಹೋಗಿದ್ದರೆ ಸಿದ್ದರಾಮಯ್ಯನವರ ವಯಸ್ಸಿನವರಿಗೆ ಇನ್ನೊಂದು ಬಾಗಿಲು ತೆರೆಯುವ ಹೊತ್ತಿಗೆ ನಲವತ್ತು ಸಮೀಪಿಸುತ್ತಿತ್ತು.

ಇಷ್ಟು ಸಣ್ಣ ಅಧಿಕಾರದ ಜಾಗ ಯಾಕೆ ಮುಖ್ಯ? ಮೈಸೂರು ತಾಲ್ಲೂಕಿನಲ್ಲಿ ನಾಲ್ಕು ಹೋಬಳಿ: ಕಸಬಾ, ವರುಣ, ಜಯಪುರ, ಇಲವಾಲ. ಬೋರ್ಡಿನ ಸದಸ್ಯ ಗೆಲ್ಲುವುದು ಒಂದು ಮೂಲೆಯಿಂದ, ಆದರೆ ಕೂರುವುದು ನಾಲ್ಕೂ ಹೋಬಳಿಯವರ ಜೊತೆ. ಜಯಪುರದ ಬಾವಿಯ ಜಗಳ, ಇಲವಾಲದ ರಸ್ತೆಯ ಕಂಟ್ರಾಕ್ಟು, ಎಲ್ಲ ಅವನ ಕಿವಿಗೆ ಬೀಳುತ್ತದೆ. ಯಾವ ಊರಲ್ಲಿ ಯಾರ ಮಾತು ನಡೆಯುತ್ತದೆ, ಯಾವ ಪಟೇಲರಿಗೂ ಯಾವ ಛೇರ್ಮನ್ನಿಗೂ ಆಗುವುದಿಲ್ಲ, ಬಿಡಿಒ ಯಾರ ಫೈಲನ್ನು ಮೊದಲು ತೆಗೆಯುತ್ತಾರೆ, ಇದೆಲ್ಲ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಆಗಿನ ಚಾಮುಂಡೇಶ್ವರಿ ವಿಧಾನಸಭಾ ಕ್ಷೇತ್ರದ ಮುಖ್ಯ ಭಾಗವೂ ಮೈಸೂರು ನಗರವನ್ನು ಸುತ್ತುವರಿದ ಇದೇ ಹಳ್ಳಿಗಳು. ಸಿದ್ದರಾಮನಹುಂಡಿಯೂ ಅದರೊಳಗೇ. ವರುಣ ಪ್ರತ್ಯೇಕ ಕ್ಷೇತ್ರವಾದದ್ದು 2008ರಲ್ಲಿ.

ವಿರೋಧ ಪಕ್ಷದ ಸದಸ್ಯನಾಗಿದ್ದದ್ದೂ ಒಂದು ರೀತಿಯಲ್ಲಿ ಅನುಕೂಲವೇ. ಕೆಲಸ ಆಗದಿದ್ದರೆ ಬೈಗುಳ ಆಳುವವರಿಗೆ ಹೋಗುತ್ತದೆ. ಕೇಳಿದ್ದೇನೆ, ಕೊಡಲಿಲ್ಲ ಅಂತ ಹೇಳಿ ಅವನು ಎದೆಯೆತ್ತಿ ಓಡಾಡಬಹುದು.

1980: ಸೋಲು

ಇಲ್ಲಿ ಕಥೆ ನೇರವಾಗಿ ಮೇಲೆ ಹೋಗುವುದಿಲ್ಲ. 1980ರ ಜನವರಿಯ ಲೋಕಸಭೆ ಚುನಾವಣೆಯಲ್ಲಿ ಸಿದ್ದರಾಮಯ್ಯ ಮೈಸೂರಿನಿಂದ ನಿಂತರು. ತಾಲ್ಲೂಕು ಬೋರ್ಡ್ ಸದಸ್ಯನಾಗಿ ಎರಡು ವರ್ಷವೂ ಆಗಿರಲಿಲ್ಲ. ಗೆದ್ದವರು ಇಂದಿರಾ ಕಾಂಗ್ರೆಸ್‌ನ ಎಂ. ರಾಜಶೇಖರಮೂರ್ತಿ.

ಸೋಲದೆ ಇರಲು ಸಾಧ್ಯವೇ ಇರಲಿಲ್ಲ ಅನ್ನಿ. ದೇಶದಲ್ಲಿ ಇಂದಿರಾ ಗಾಂಧಿ ಮತ್ತೆ ಬಂದ ಚುನಾವಣೆ ಅದು. ಕರ್ನಾಟಕದಲ್ಲಿ ಆಗತಾನೆ ಇಂದಿರಾ ಜೊತೆ ಮುರಿದುಕೊಂಡಿದ್ದ ದೇವರಾಜ ಅರಸರ ಪಕ್ಷವೇ ಕೊಚ್ಚಿಹೋಯಿತು. ಅರಸರು ರಾಜೀನಾಮೆ ಕೊಟ್ಟರು, ಗುಂಡೂರಾವ್ ಮುಖ್ಯಮಂತ್ರಿಯಾದರು. ಅರಸರಂಥವರೇ ತಮ್ಮ ಸ್ವಂತ ಜಿಲ್ಲೆಯಲ್ಲಿ ನಿಲ್ಲಲಾಗದ ಹೊತ್ತಿನಲ್ಲಿ ಒಬ್ಬ ಜೂನಿಯರ್ ವಕೀಲ ಏನು ಮಾಡಿಯಾನು?

ಆದರೆ ಗಾಳಿ ಇಲ್ಲದಿದ್ದರೂ ಆಗ ಗೆಲುವು ಕಷ್ಟವಿತ್ತು ಅಂತ ನನಗೆ ಅನ್ನಿಸುತ್ತದೆ. ಒಂದು ಲೋಕಸಭಾ ಕ್ಷೇತ್ರ ಅಂದರೆ ಎಂಟು ವಿಧಾನಸಭಾ ಕ್ಷೇತ್ರ. ತಾಲ್ಲೂಕು ಬೋರ್ಡಿನ ಪರಿಚಯ ಅದರಲ್ಲಿ ಒಂದಕ್ಕೆ ಸಾಕಾಗುತ್ತಿತ್ತು. ಉಳಿದ ಏಳರಲ್ಲಿ ಅವರು ಯಾರೋ ಒಬ್ಬ ಅಭ್ಯರ್ಥಿ, ಅಷ್ಟೇ. ಹಾಗಾದರೆ ಯಾಕೆ ನಿಂತರು? ದೊಡ್ಡ ಚುನಾವಣೆಯಲ್ಲಿ ಸೋತರೂ ಹೆಸರು ಹರಡುತ್ತದೆ ಅನ್ನುವ ಲೆಕ್ಕ ಸಣ್ಣ ಪಕ್ಷಗಳ ಯುವಕರಲ್ಲಿ ಯಾವಾಗಲೂ ಇರುತ್ತದೆ. ಜೊತೆಗೆ, ವಿರೋಧ ಪಕ್ಷಗಳಿಗೆ ಅಂಥ ಹೊತ್ತಿನಲ್ಲಿ ನಿಲ್ಲುವವರೇ ಸಿಗುವುದಿಲ್ಲ. ಗೆಲ್ಲುವ ಸಾಧ್ಯತೆ ಇದ್ದಿದ್ದರೆ ಆ ಟಿಕೆಟ್ ಮೂವತ್ತೆರಡರ ಹುಡುಗನ ಕೈಗೆ ಬರುತ್ತಿತ್ತಾ?

ಸೋತ ಮೇಲೆ ಮಾಡಿದ್ದು ಮಾತ್ರ ಜಾಣತನ. ಇನ್ನೊಂದು ದೊಡ್ಡ ಕ್ಷೇತ್ರ ಹುಡುಕಿಕೊಂಡು ಹೋಗಲಿಲ್ಲ. ಪಕ್ಷ ಬದಲಾಯಿಸಿ ಕಾಂಗ್ರೆಸ್ ಸೇರಲಿಲ್ಲ, ಆಗ ಹಾಗೆ ಸೇರಿದವರಿಗೆ ಲೆಕ್ಕವಿಲ್ಲ. ತಾಲ್ಲೂಕು ಬೋರ್ಡ್ ಸದಸ್ಯರಾಗಿಯೇ, ಅದೇ ಹೋಬಳಿಗಳಲ್ಲಿ ಮುಂದುವರಿದರು.

ಗಾಳಿ ತಿರುಗಿದ್ದು

ಮುಂದಿನ ಮೂರು ವರ್ಷ ಗುಂಡೂರಾವ್ ಸರ್ಕಾರ ಒಂದಾದ ಮೇಲೊಂದು ಜಗಳ ಮೈಮೇಲೆ ಎಳೆದುಕೊಂಡಿತು. 1980ರ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ನೀರಿನ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತು. ಅಲ್ಲಿಂದ ರೈತ ಚಳವಳಿ ರಾಜ್ಯದ ತುಂಬ ಹರಡಿತು. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ ಗೋಕಾಕ್ ವರದಿ 1981ರಲ್ಲಿ ಬಂತು, ಜಾರಿ ಮಾಡದೆ ಸರ್ಕಾರ ಎಳೆದಾಡಿತು. 1982ರಲ್ಲಿ ರಾಜ್‌ಕುಮಾರ್ ಬೀದಿಗಿಳಿದ ಮೇಲೆ ಕನ್ನಡದ ಪ್ರಶ್ನೆ ಮನೆಮನೆಯ ಮಾತಾಯಿತು. ಅದೇ ವರ್ಷ ಜೂನ್‌ನಲ್ಲಿ ದೇವರಾಜ ಅರಸರು ತೀರಿಕೊಂಡರು. ಅವರನ್ನು ನಂಬಿದ್ದ ಹಿಂದುಳಿದವರ ಮತಕ್ಕೆ, ಅದರಲ್ಲೂ ಅವರ ಸ್ವಂತ ಮೈಸೂರು ಜಿಲ್ಲೆಯಲ್ಲಿ, ಇನ್ನೊಂದು ಮುಖ ಬೇಕಿತ್ತು.

1983ರ ಜನವರಿಯ ಚುನಾವಣೆಯಲ್ಲಿ ಸಿದ್ದರಾಮಯ್ಯ ಚಾಮುಂಡೇಶ್ವರಿಯಿಂದ ನಿಂತದ್ದು ಭಾರತೀಯ ಲೋಕದಳದ ಕಡೆಯಿಂದ. ಚರಣ್ ಸಿಂಗ್ ಅವರ ಪಕ್ಷ. ಉತ್ತರ ಭಾರತದಲ್ಲಿ ಹೆಸರಿತ್ತು, ಮೈಸೂರಿನ ಹಳ್ಳಿಗಳಲ್ಲಿ ಆ ಹೆಸರಿಗೆ ನೂರು ಮತ ಬಂದರೆ ಹೆಚ್ಚು. ಅಂದರೆ ಬಂದ ಮತವೆಲ್ಲ ಅಭ್ಯರ್ಥಿಗೆ ಬಂದದ್ದು, ಚಿಹ್ನೆಗಲ್ಲ. ನನ್ನ ವಾದಕ್ಕೆ ಇದೇ ಗಟ್ಟಿ ಸಾಕ್ಷಿ. ಆ ವರ್ಷದ ಗಾಳಿ ಬೀಸಿದ್ದು ಜನತಾ ಪಕ್ಷ ಮತ್ತು ಬಂಗಾರಪ್ಪನವರ ಕ್ರಾಂತಿರಂಗದ ಕಡೆಗೆ. ಕಾಂಗ್ರೆಸ್ ಮೇಲಿನ ಸಿಟ್ಟು ಸಿದ್ದರಾಮಯ್ಯನವರಿಗೂ ಸಿಕ್ಕಿತು, ಸರಿ. ಆದರೆ ಗಾಳಿಯ ಪಕ್ಷದಲ್ಲಿ ಇಲ್ಲದೆ ಗೆಲ್ಲಬೇಕಾದರೆ ಊರೂರಲ್ಲಿ ಗುರುತಿರಬೇಕು. ಐದು ವರ್ಷದ ತಾಲ್ಲೂಕು ಬೋರ್ಡ್ ಕೊಟ್ಟದ್ದು ಅದನ್ನೇ.

ಜಾತಿಯ ಮಾತಿಗೂ ಇಲ್ಲೇ ಬರೋಣ. ಕುರುಬರು ಆ ಭಾಗದಲ್ಲಿ ಗಣನೀಯವಾಗಿ ಇದ್ದಾರೆ, ಆ ಮತ ಇಲ್ಲದೆ ಅವರು ಗೆಲ್ಲುತ್ತಿರಲಿಲ್ಲ. ಅದೊಂದರಿಂದಲೇ ಗೆದ್ದರು ಅನ್ನುವುದೂ ಆಗುವುದಿಲ್ಲ. ಒಕ್ಕಲಿಗರು, ಲಿಂಗಾಯತರು, ನಾಯಕರು, ದಲಿತರು ಎಲ್ಲ ಇರುವ ಕ್ಷೇತ್ರ ಅದು. ಒಂದೇ ಜಾತಿಯ ಬಲದ ಮೇಲೆ ಅಲ್ಲಿ ಯಾರೂ ದಡ ಸೇರುವುದಿಲ್ಲ.

ತೂಗುವ ಸದನದಲ್ಲಿ ಒಂದು ಮತ

224 ಸ್ಥಾನಗಳ ಸದನದಲ್ಲಿ ಜನತಾ ಪಕ್ಷಕ್ಕೆ 95, ಕಾಂಗ್ರೆಸ್‌ಗೆ 82, ಬಿಜೆಪಿಗೆ 18. ಎಡಪಕ್ಷಗಳಿಗೆ ಒಟ್ಟು 6. ಪಕ್ಷೇತರರು ಇಪ್ಪತ್ತರ ಮೇಲೆ. ಬಹುಮತಕ್ಕೆ 113 ಬೇಕು. ಗುಂಡೂರಾವ್ ತಮ್ಮ ಕ್ಷೇತ್ರದಲ್ಲೇ ಸೋತಿದ್ದರು. ಜನವರಿ 10ಕ್ಕೆ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು, ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿ. ಬಿಜೆಪಿ, ಎಡಪಕ್ಷ, ಪಕ್ಷೇತರರು ಹೊರಗಿನಿಂದ ಎತ್ತಿಹಿಡಿದರು.

ಇಂಥ ಸದನದಲ್ಲಿ ದೊಡ್ಡ ಪಕ್ಷದ ಹಿಂದಿನ ಬೆಂಚಿನ ಶಾಸಕನಿಗಿಂತ ಒಂಟಿಯಾಗಿ ಗೆದ್ದ ಶಾಸಕನಿಗೆ ಬೆಲೆ ಹೆಚ್ಚು. ಸಿದ್ದರಾಮಯ್ಯ ಹೆಗಡೆಯವರ ಸರ್ಕಾರವನ್ನು ಬೆಂಬಲಿಸಿದರು, ಆಮೇಲೆ ಜನತಾ ಪಕ್ಷವನ್ನೇ ಸೇರಿದರು. ಸಿಕ್ಕಿದ್ದು ಮಂತ್ರಿಗಿರಿ ಅಲ್ಲ, ಕನ್ನಡ ಕಾವಲು ಸಮಿತಿಯ ಅಧ್ಯಕ್ಷ ಸ್ಥಾನ. ಆಡಳಿತದಲ್ಲಿ ಕನ್ನಡ ಬಳಕೆ ಆಗುತ್ತಿದೆಯೇ ನೋಡಲು 1983ರಲ್ಲಿ ಮಾಡಿದ ಸಮಿತಿ, ಮುಂದೆ ಕನ್ನಡ ಅಭಿವೃದ್ಧಿ ಪ್ರಾಧಿಕಾರವಾದದ್ದು ಇದೇ. ಸಿದ್ದರಾಮಯ್ಯ ಅದರ ಮೊದಲ ಅಧ್ಯಕ್ಷರು.

ಕಾಗದದ ಮೇಲೆ ಇದು ಸಣ್ಣ ಹುದ್ದೆ. ಆದರೆ ಹೊತ್ತು ನೋಡಿ. ಗೋಕಾಕ್ ಚಳವಳಿಯ ಬಿಸಿ ಆರಿರಲಿಲ್ಲ. ಕನ್ನಡದ ಹೆಸರಿನಲ್ಲಿ ಯಾರು ಯಾವ ಜಿಲ್ಲೆಗೆ ಹೋದರೂ ಪತ್ರಿಕೆಯಲ್ಲಿ ಬರುತ್ತಿತ್ತು. ಮೈಸೂರು ತಾಲ್ಲೂಕು ಬಿಟ್ಟು ಹೊರಗೆ ಹೆಸರೇ ಗೊತ್ತಿಲ್ಲದ ಶಾಸಕನಿಗೆ ರಾಜ್ಯ ಸುತ್ತಿ, ಸರ್ಕಾರಿ ಕಚೇರಿಗಳ ಒಳಹೊಕ್ಕು, ಅಧಿಕಾರಿಗಳನ್ನು ಪ್ರಶ್ನೆ ಕೇಳುವ ಅವಕಾಶ. ಮೊದಲ ಸಲದ ಶಾಸಕರಿಗೆ ಯಾವುದೋ ನಿಗಮ ಕೊಟ್ಟು ಕಾರು ಕೊಟ್ಟು ಸುಮ್ಮನಿರಿಸುವುದು ವಾಡಿಕೆ. ಇವರಿಗೆ ಸಿಕ್ಕಿದ್ದು ಮಾತಾಡುವ ಕೆಲಸ. ಮಾತು ಅವರಿಗೆ ಬರುತ್ತಿತ್ತು, ಅದೂ ಹಳೇ ಮೈಸೂರು ಹಳ್ಳಿಯ ಧಾಟಿಯಲ್ಲಿ. ಆ ಧಾಟಿಯನ್ನು ಅವರು ಇವತ್ತಿಗೂ ಬಿಟ್ಟಿಲ್ಲ. ವಿಧಾನಸಭೆಯಲ್ಲಿ ಕಾನೂನಿನ ಕಲಂ ಹೇಳುತ್ತಲೇ ಏಕವಚನಕ್ಕೆ ಇಳಿಯುವ ಅಭ್ಯಾಸಕ್ಕೆ ಬೈದವರೂ ಇದ್ದಾರೆ, ಚಪ್ಪಾಳೆ ತಟ್ಟಿದವರೂ ಇದ್ದಾರೆ.

1984ರ ಡಿಸೆಂಬರ್‌ನ ಲೋಕಸಭೆ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ ರಾಜ್ಯದ 28ರಲ್ಲಿ ಸಿಕ್ಕಿದ್ದು 4. ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಬಳಿ ಹೋದರು. 1985ರ ಮಾರ್ಚ್‌ನಲ್ಲಿ ಪಕ್ಷ 139 ಗೆದ್ದಿತು. ಈಗ ಪಕ್ಷೇತರರ ಹಂಗಿಲ್ಲ. ಎರಡು ವರ್ಷ ಮೊದಲೇ ಒಳಗೆ ಬಂದು, ಚಾಮುಂಡೇಶ್ವರಿಯಿಂದಲೇ ಮತ್ತೆ ಗೆದ್ದಿದ್ದ ಸಿದ್ದರಾಮಯ್ಯನವರಿಗೆ ಪಶುಸಂಗೋಪನೆ ಖಾತೆ ಬಂತು. ಮುಂದೆ ರೇಷ್ಮೆ, ಸಾರಿಗೆಯನ್ನೂ ನೋಡಿಕೊಂಡರು. 1983ರಲ್ಲಿ ಹೊರಗೇ ಉಳಿದು ಚೌಕಾಸಿ ಮಾಡುತ್ತಾ ಕೂತಿದ್ದರೆ 1985ರಲ್ಲಿ ಕೇಳುವವರು ಇರುತ್ತಿರಲಿಲ್ಲ. ಸಮಾಜವಾದಿ ಗೆಳೆಯರ ಕಣ್ಣಿಗೆ ಅದು ರಾಜಿಯಾಗಿ ಕಂಡಿರಬಹುದು, ಅಧಿಕಾರದ ಲೆಕ್ಕದಲ್ಲಿ ಸರಿಯಾದ ಹೆಜ್ಜೆ.

ನೆಲದ ಲೆಕ್ಕಕ್ಕೆ ಪರೀಕ್ಷೆ

ಒಬ್ಬರ ಕಥೆಯಿಂದ ನಿಯಮ ಮಾಡುವುದು ತಪ್ಪು. ಹಾಗಾಗಿ ಅಕ್ಕಪಕ್ಕದ ಕೆಲವರನ್ನು ಇಟ್ಟು ನೋಡೋಣ.

ಎಚ್.ಡಿ. ದೇವೇಗೌಡರು ಹೊಳೆನರಸೀಪುರ ತಾಲ್ಲೂಕು ಬೋರ್ಡಿನಲ್ಲಿದ್ದು, 1962ರಲ್ಲಿ ಅದೇ ಹೊಳೆನರಸೀಪುರದಿಂದ ಪಕ್ಷೇತರರಾಗಿ ಗೆದ್ದರು. ಆಗ ವಯಸ್ಸು 28. ಬಿ.ಎಸ್. ಯಡಿಯೂರಪ್ಪ 1975ರಲ್ಲಿ ಶಿಕಾರಿಪುರ ಪುರಸಭೆಯ ಸದಸ್ಯರು, 1977ರಲ್ಲಿ ಅಧ್ಯಕ್ಷರು, 1983ರಲ್ಲಿ ಅದೇ ಶಿಕಾರಿಪುರದ ಶಾಸಕರು. 1985ರಲ್ಲಿ ಬಿಜೆಪಿ ರಾಜ್ಯದಲ್ಲಿ ಬರೀ ಎರಡು ಸ್ಥಾನಕ್ಕೆ ಇಳಿದಾಗಲೂ ಅದರಲ್ಲೊಂದು ಶಿಕಾರಿಪುರ. ಪಕ್ಷ ಮುಳುಗಿದರೂ ಆಳು ಮುಳುಗಲಿಲ್ಲ.

ಡಿ.ಕೆ. ಶಿವಕುಮಾರ್ ಅವರದ್ದು ಉಲ್ಟಾ ದಾರಿ, ನನಗೆ ಹೆಚ್ಚು ಕುತೂಹಲ ಅದರದ್ದೇ. 1985ರಲ್ಲಿ ಸಾತನೂರಿನಲ್ಲಿ ನೇರವಾಗಿ ವಿಧಾನಸಭೆಗೆ ನಿಂತರು, ಅದೂ ದೇವೇಗೌಡರ ಎದುರು. ಸೋತರು. 1987ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲಾ ಪರಿಷತ್ತಿಗೆ ಗೆದ್ದು, 1989ರಲ್ಲಿ ಸಾತನೂರಿನಿಂದ ಶಾಸಕರಾದರು. ಮೇಲಿನ ಮೆಟ್ಟಿಲಿಗೆ ಹಾರಿ ಬಿದ್ದು, ಕೆಳಗಿನ ಮೆಟ್ಟಿಲಿಗೆ ಬಂದು ಮತ್ತೆ ಹತ್ತಿದ್ದು. ಅಧಿಕಾರದ ರುಚಿ ಹತ್ತಿದವರು ಸಾಮಾನ್ಯವಾಗಿ ಹಾಗೆ ಕೆಳಗೆ ಇಳಿಯುವುದಿಲ್ಲ.

ಈಗ ಎದುರು ಸಾಕ್ಷಿ. 1989ರಲ್ಲಿ ಸಿದ್ದರಾಮಯ್ಯ ತಮ್ಮದೇ ಚಾಮುಂಡೇಶ್ವರಿಯಲ್ಲಿ ಸೋತರು. ಸೋಲಿಸಿದವರು ಅದೇ ರಾಜಶೇಖರಮೂರ್ತಿ, 1980ರಲ್ಲಿ ಲೋಕಸಭೆಗೆ ಸೋಲಿಸಿದವರು. ಜನತಾ ಪರಿವಾರ ಒಡೆದು ಹೋಳಾಗಿತ್ತು, ಕಾಂಗ್ರೆಸ್ 178 ಸ್ಥಾನ ಗೆದ್ದ ವರ್ಷ ಅದು. ಅಂದರೆ ನೆಲದ ಪರಿಚಯ ಒಂದು ಮಟ್ಟದ ಗಾಳಿಯನ್ನು ತಡೆಯುತ್ತದೆ, ಬಿರುಗಾಳಿಯನ್ನಲ್ಲ. 1991ರಲ್ಲಿ ಕೊಪ್ಪಳಕ್ಕೆ ಹೋಗಿ ಲೋಕಸಭೆಗೆ ನಿಂತರು, ಅಲ್ಲೂ ಸೋಲು. ಅದಂತೂ ಪೂರ್ತಿ ಬೇರೆ ನೆಲ. 2006ರ ಉಪಚುನಾವಣೆಯಲ್ಲಿ ಜೆಡಿಎಸ್ ಬಿಟ್ಟು ಕಾಂಗ್ರೆಸ್‌ಗೆ ಬಂದು ನಿಂತಾಗ ಇಡೀ ಸರ್ಕಾರವೇ ಎದುರಿಗಿತ್ತು. ಚಾಮುಂಡೇಶ್ವರಿ ಅವರನ್ನು 257 ಮತಗಳಿಂದ ಉಳಿಸಿತು. 2018ರಲ್ಲಿ, ಹತ್ತು ವರ್ಷ ವರುಣದಲ್ಲಿದ್ದು ಅಲ್ಲಿಗೆ ಮರಳಿದಾಗ, ಮುಖ್ಯಮಂತ್ರಿಯಾಗಿದ್ದೂ ಜಿ.ಟಿ. ದೇವೇಗೌಡರ ಎದುರು 36,042 ಮತಗಳಿಂದ ಸೋತರು. ಕ್ಷೇತ್ರದ ಗಡಿ ಬದಲಾಗಿತ್ತು. ಹಳ್ಳಿಗಳಿದ್ದ ಜಾಗದಲ್ಲಿ ಬಡಾವಣೆಗಳು ಎದ್ದಿದ್ದವು. 1978ರ ಪರಿಚಯದವರಲ್ಲಿ ಎಷ್ಟು ಜನ ಉಳಿದಿದ್ದರು? ನೆಲದ ಲೆಕ್ಕಕ್ಕೂ ನವೀಕರಣ ಬೇಕು.

ಆ ಮೆಟ್ಟಿಲು ಏನಾಯಿತು

ಸಿದ್ದರಾಮಯ್ಯ ಹತ್ತಿದ ತಾಲ್ಲೂಕು ಬೋರ್ಡನ್ನು ಮುಚ್ಚಿದ್ದು ಅವರೇ ಇದ್ದ ಸರ್ಕಾರ. ಹೆಗಡೆ ಸರ್ಕಾರದ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ತಂದ 1983ರ ಕಾಯ್ದೆಯಲ್ಲಿ ನೇರ ಚುನಾವಣೆ ಇದ್ದದ್ದು ಮಂಡಲ ಪಂಚಾಯಿತಿಗೆ ಮತ್ತು ಜಿಲ್ಲಾ ಪರಿಷತ್ತಿಗೆ. ನಡುವಿನ ತಾಲ್ಲೂಕು ಸಮಿತಿಗೆ ಶಾಸಕರೇ ಅಧ್ಯಕ್ಷರು. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಶೇ. 25 ಸ್ಥಾನ ಮಹಿಳೆಯರಿಗೆ ಮೀಸಲಿತ್ತು, ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಹಣ ಮತ್ತು ಅಧಿಕಾರ ಎರಡೂ ಮೊದಲಿಗಿಂತ ಎಷ್ಟೋ ಜಾಸ್ತಿ. ತಾಲ್ಲೂಕು ಹಂತ ಹೋಯಿತು ಅಂತ ಆಗ ಯಾರೂ ಅಳಲಿಲ್ಲ, ಅಳಬೇಕಾಗಿಯೂ ಇರಲಿಲ್ಲ. ಶಾಸಕರಿಗೆ ಮಾತ್ರ ಜಿಲ್ಲಾ ಪರಿಷತ್ತಿನ ಸದಸ್ಯ ಮುಂದಿನ ಚುನಾವಣೆಯ ಎದುರಾಳಿಯಾಗಿ ಕಾಣತೊಡಗಿದ. ಕಾಣದೆ ಇರುತ್ತಾನೆಯೇ? ಅದೇ ಊರುಗಳು, ಅದೇ ಜನ, ವಯಸ್ಸು ಹತ್ತು ವರ್ಷ ಕಡಿಮೆ.

1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ತಾಲ್ಲೂಕು ಪಂಚಾಯಿತಿಗೆ ಮತ್ತೆ ನೇರ ಚುನಾವಣೆ ಬಂತು. ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಯಲೇಬೇಕು ಎಂದು ಸಂವಿಧಾನದ 73ನೇ ತಿದ್ದುಪಡಿಯೇ ಹೇಳಿತು. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ಆಯಿತು, ಆಗ ಸಿದ್ದರಾಮಯ್ಯ ಮುಖ್ಯಮಂತ್ರಿ. ಆ ಅವಧಿ ಮುಗಿದದ್ದು 2021ರಲ್ಲಿ. ಆಗಿನ ಬಿಜೆಪಿ ಸರ್ಕಾರ ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟಿತು. ಮೀಸಲಾತಿ ಪಟ್ಟಿ, ಕೋರ್ಟು, ಮತ್ತೆ ವಿಂಗಡಣೆ ಅಂತ ದಿನ ಹೋಯಿತು. ಕಚೇರಿಗಳಲ್ಲಿ ಆಡಳಿತಾಧಿಕಾರಿಗಳು ಕೂತರು. 2023ರಲ್ಲಿ ಸರ್ಕಾರ ಬದಲಾಗಿ, ತಾಲ್ಲೂಕು ಬೋರ್ಡಿನಿಂದ ಬಂದವರು ಮುಖ್ಯಮಂತ್ರಿ, ಜಿಲ್ಲಾ ಪರಿಷತ್ತಿನಿಂದ ಬಂದವರು ಉಪಮುಖ್ಯಮಂತ್ರಿ ಆದರು. 2024 ಮುಗಿದರೂ ಆ ಚುನಾವಣೆ ನಡೆದಿರಲಿಲ್ಲ. 2016ರಲ್ಲಿ ಇಪ್ಪತ್ತೈದು ತುಂಬಿ ಮುಂದಿನ ಸಲ ನಿಲ್ಲೋಣ ಅಂದುಕೊಂಡಿದ್ದ ವರುಣ ಹೋಬಳಿಯ ಹುಡುಗನಿಗೋ ಹುಡುಗಿಗೋ ಅಷ್ಟು ಹೊತ್ತಿಗೆ ಮೂವತ್ಮೂರು.